ಇಲಾಖೆ ಶಿಫಾರಸು ಮಾಡಿದ ಹೋಟೆಲು

ಜನವರಿ ೯

ಗುಂಡ,

ದೊಡ್ಡ ಆಫೀಸರಾದವನನ್ನು ಗುಂಡ ಎಂದು ಕರೆಯಬಾರದು ಎಂದು ನಿನ್ನ ಭಾವ ಹೇಳುತ್ತಲೇ ಇರುತ್ತಾರೆ. ಇವತ್ತು ನಿನ್ನನ್ನು ಅದಕ್ಕಿಂತ ಕೆಟ್ಟದಾಗಿ ಕರೆಯಬೇಕು ಎನ್ನಿಸುತ್ತಿದೆ. ಅವರು ಪಕ್ಕದಲ್ಲೇ ಕೂತಿದ್ದಾರೆ, ಬದುಕಿಕೊಂಡೆ.

ನಿಮ್ಮ ಪ್ರವಾಸ ಇಲಾಖೆಯ ಗುಣಮಟ್ಟ ವಿಭಾಗದಿಂದ ಉತ್ತರ ಬಂತು. ನಮ್ಮ ವಸತಿಗೃಹವನ್ನು ಇಲಾಖೆಯ ಶಿಫಾರಸು ಪಟ್ಟಿಗೆ ಸೇರಿಸಲು ಬರುವುದಿಲ್ಲವಂತೆ. ಮಹಡಿಯ ಕೋಣೆಗಳಿಗೆ ಒಂದೇ ಮೆಟ್ಟಿಲು, ಕೆಳಗಿಳಿಯಲು ಎರಡನೆಯ ದಾರಿ ಇಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ. ಕೆಳಗೆ ಠಸ್ಸೆ. ಠಸ್ಸೆಯ ಕೆಳಗೆ ಯಾರದೋ ಕೊಕ್ಕರೆ ಕಾಲಿನ ಸಹಿ.

ಬಂದಿದ್ದ ತಪಾಸಣೆಯವನು ಒಳ್ಳೆಯವನೇ. ದಿಂಬು ಮೂಸಿ ನೋಡಿದ. ಬಿಸಿನೀರಿನ ಬಕೆಟ್ಟಿಗೆ ಬೆರಳಿಟ್ಟು ಸುಟ್ಟುಕೊಂಡ. ಚಾದರ ಸವರಿ, "ಇಷ್ಟು ಚೊಕ್ಕ ಇಸ್ತ್ರಿ ನಾನು ಎಲ್ಲೂ ನೋಡಿಲ್ಲಮ್ಮ" ಎಂದ. ನಮ್ಮ ಇಸ್ತ್ರಿಯವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ದಿನವಿಡೀ ನೆಲದ ಮೇಲೆ ಕಾಲಿಡಲಿಲ್ಲ. ಈ ವಸತಿಗೃಹ ತೆರೆದ ದಿನದಿಂದ ನನ್ನ ಜೊತೆ ಇರುವವಳು, ಅವಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ನಾನಂತೂ ಹೊಗಳಿದವಳಲ್ಲ.

ಗಲ್ಲಿಯಾಚೆಯ ಐದು ಮಹಡಿ ಹೋಟೆಲಿಗೆ ಮಾತ್ರ ನಿಮ್ಮ ಶಿಫಾರಸಿನ ನೀಲಿ ಫಲಕ ಹಾಕಿದ್ದಾರೆ. ಹಾಸಿಗೆಯಲ್ಲಿ ಹಿಂದಿನವರ ಕೂದಲು ಸಿಕ್ಕಿತು ಎಂದು ಅಲ್ಲಿಂದ ಗಂಟು ಕಟ್ಟಿಕೊಂಡು ನಮ್ಮಲ್ಲಿಗೆ ಬಂದವರಿದ್ದಾರೆ. ಆದರೇನು? ಅವರ ಹೆಸರು ನಿಮ್ಮ ಪುಸ್ತಿಕೆಯಲ್ಲಿದೆ, ರೈಲು ನಿಲ್ದಾಣದ ಗೋಡೆಯ ಮೇಲಿದೆ, ಪ್ರವಾಸಿ ಬಸ್ಸಿನ ಡ್ರೈವರನ ಬಾಯಲ್ಲಿದೆ. ಪಟ್ಟಿಯಲ್ಲಿಲ್ಲದ ನಾವು ಊರಲ್ಲೇ ಇಲ್ಲದ ಹಾಗೆ.

ಒಂದು ಕೇಳುತ್ತೇನೆ, ನೇರವಾಗಿ ಹೇಳು. ಅಕ್ಕನಿಗೆ ಅನುಕೂಲ ಮಾಡಿಕೊಟ್ಟ ಎಂದು ಯಾರಾದರೂ ಅಂದಾರು ಎಂಬ ಹೆದರಿಕೆಗೆ ನನ್ನ ಕುತ್ತಿಗೆಗೇ ಕೈ ಹಾಕಿದೆಯಾ?

—ಅಕ್ಕ


ಜನವರಿ ೨೧

ಅಕ್ಕ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ, ಎರಡನೆಯ ಸಲ ಇನ್ನೂ ಬಿಸಿಯಾಗಿತ್ತು.

ನಿನ್ನ ಅರ್ಜಿ ಬಂದ ದಿನವೇ ಇದು ನನ್ನ ಸಂಬಂಧಿಕರದ್ದು ಎಂದು ಬರೆದುಕೊಟ್ಟು ಆ ಕಡತದಿಂದ ದೂರ ಸರಿದೆ. ಬೇರೆಯವರು ನೋಡಿದ್ದಾರೆ. ಅವರು ತಪ್ಪು ಮಾಡಿಲ್ಲ. ಎರಡನೆಯ ದಾರಿಯ ನಿಯಮ ಪುಸ್ತಕದಲ್ಲಿರುವುದು ಚಂದಕ್ಕಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಸುಟ್ಟ ಲಾಡ್ಜಿಗೆ ಹೋಗಿದ್ದೆ. ಅಲ್ಲಿ ನೋಡಿದ್ದನ್ನು ನಿನಗೆ ಬರೆಯುವುದಿಲ್ಲ. ಬಂದವನೇ ಆ ನಿಯಮವನ್ನು ಸೇರಿಸಬೇಕೆಂದು ಹಟ ಹಿಡಿದವನು ನಾನು, ವಾಕ್ಯ ಬರೆದವನೂ ನಾನೇ. ಆದ್ದರಿಂದ ಬೈಯುವುದಿದ್ದರೆ ಧಾರಾಳವಾಗಿ ಬೈ, ವಿಳಾಸ ಸರಿಯಾಗಿದೆ.

ಮೆಟ್ಟಿಲು ಹಾಕಿಸು. ಹಿಂದಿನ ಅಂಗಳದಿಂದ ಕಬ್ಬಿಣದ್ದು ಸಾಕು. ಮಹಡಿಯಿಂದ ತಾರಸಿಗೂ ಹತ್ತುವ ಹಾಗಿರಲಿ. ಹಾಕಿಸಿದ ಮೇಲೆ ಮತ್ತೆ ಅರ್ಜಿ ಹಾಕು.

ಪಕ್ಕದ ಹೋಟೆಲಿನ ವಿಷಯ ನನ್ನನ್ನು ಕೇಳಬೇಡ. ಅದು ಆಫೀಸಿನ ಮಾತು.

ಭಾವನ ಮೊಣಕಾಲು ಹೇಗಿದೆ?

—ತಮ್ಮ


ಫೆಬ್ರವರಿ ೧೫

ಗುಂಡ,

ನಿನ್ನ ವಾಕ್ಯ ಈಗ ನಮ್ಮ ಹಿತ್ತಲಲ್ಲಿ ಕಬ್ಬಿಣವಾಗಿ ನಿಂತಿದೆ, ಬಂದು ಹತ್ತಿ ನೋಡು.

ವೆಲ್ಡರ್ ಬಂದು ಗೋಡೆ ತಟ್ಟಿ ನೋಡಿ, "ಯಾರು ಹತ್ತೋಕಮ್ಮ ಇದು?" ಎಂದ.

"ಯಾರೂ ಹತ್ತೋಕಲ್ಲ. ಸರ್ಕಾರ ನೋಡೋಕೆ."

"ಹಾಗಾದ್ರೆ ತೆಳುವಾದ್ದು ಹಾಕ್ಲಾ?"

ಹೂಂ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನಿನ್ನ ಭಾವ ಒಳಗಿನಿಂದಲೇ ಕೂಗಿದರು, "ಹಾಕೋದಾದ್ರೆ ಗಟ್ಟಿ ಹಾಕಯ್ಯ, ಅವಳು ದಿನಾ ಹತ್ತಿ ಇಳಿದು ತಮ್ಮನಿಗೆ ಬೈಬೇಕು!" ವೆಲ್ಡರ್ ನಕ್ಕ. ನಾನು ನಗಲಿಲ್ಲ. ಮೊಣಕಾಲು ಹೇಗಿದೆ ಎಂದು ಕೇಳಿದ್ದೀಯಲ್ಲ, ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ.

ಬಸ್ಸುಗಳು ಈಗ ನಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ. ನೇರ ನೀಲಿ ಫಲಕದ ಮುಂದೆ ಹೋಗಿ ಉಸಿರು ಬಿಡುತ್ತವೆ. ನಮ್ಮಲ್ಲಿಗೆ ವರ್ಷಾ ವರ್ಷ ಬರುತ್ತಿದ್ದ ನಿವೃತ್ತ ಮೇಷ್ಟರು ದಂಪತಿ ಕೂಡ ಈ ಸಲ ಅಲ್ಲಿ ಇಳಿದುಕೊಂಡರು. ಬೀದಿಯಲ್ಲಿ ಎದುರಾದಾಗ, "ಮಗ ಬುಕ್ ಮಾಡಿಬಿಟ್ಟಾ ಇವ್ರೇ, ಸರ್ಕಾರದ ಲಿಸ್ಟ್ ನೋಡಿ" ಎಂದು ತಲೆ ತಗ್ಗಿಸಿಕೊಂಡು ಹೋದರು. ಅವರ ಮುಜುಗರ ನೋಡಿ ನನಗೇ ಮುಜುಗರ.

ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ಇಸ್ತ್ರಿಯವಳು ನಿನ್ನನ್ನು ಕೇಳಿದಳು. ಮರು ತಪಾಸಣೆಗೆ ಅರ್ಜಿ ಹಾಕಿದ್ದೇನೆ.

—ಅಕ್ಕ


ಮಾರ್ಚ್ ೩

ಅಕ್ಕ,

ಮೆಟ್ಟಿಲು ಹಾಕಿಸಿದ್ದು ಬಹಳ ಒಳ್ಳೆಯದಾಯಿತು. ಮರು ತಪಾಸಣೆಗೆ ಸದ್ಯದಲ್ಲೇ ಬರುತ್ತಾರೆ.

ಇನ್ನೊಂದು ಮಾತು. ಆ ಪಕ್ಕದ ಹೋಟೆಲಿನ ಸಹವಾಸ ಹೆಚ್ಚು ಇಟ್ಟುಕೊಳ್ಳಬೇಡ. ನೀನಾಗಲಿ ಭಾವನಾಗಲಿ ಊಟಕ್ಕೆ ಗೀಟಕ್ಕೆ ಎಂದು ಒಳಗೆ ಹೋಗುವುದು ಬೇಡ. ಯಾಕೆ ಏನು ಎಂದು ಕೇಳಬೇಡ, ಸುಮ್ಮನೆ ನನ್ನ ಮಾತು ಕೇಳು.

ಇಲ್ಲಿ ಬಡ್ತಿಯ ಗಡಿಬಿಡಿ. ಹೆಚ್ಚು ಬರೆಯಲು ಆಗುತ್ತಿಲ್ಲ.

—ತಮ್ಮ


ಮಾರ್ಚ್ ೧೯

ಮಾನ್ಯ ಅಧಿಕಾರಿಗಳೇ,

ಇನ್ನು ಮೇಲೆ ನಿಮಗೆ ಹೀಗೇ ಬರೆಯುವುದು.

ಮರು ತಪಾಸಣೆ ಆಯಿತು. ಈ ಸಲ ಬೇರೆ ಮನುಷ್ಯ, ಬೂಟು ಬಿಚ್ಚದೆ ಕೋಣೆಗೆ ಹೋದವನು. ಕಬ್ಬಿಣದ ಮೆಟ್ಟಿಲ ಕಡೆ ಕತ್ತೂ ತಿರುಗಿಸಲಿಲ್ಲ. "ಅತಿಥಿಗಳನ್ನ ಎದುರುಗೊಳ್ಳೋ ಕೌಂಟರ್ ಎಲ್ಲಿ?" ಎಂದ. ಇದೇ ಮೇಜು ಎಂದೆ. "ಇದು ಊಟದ ಮೇಜಲ್ವಾ?" ಹೌದು, ಬಂದವರನ್ನು ಅದರ ಮುಂದೆ ಕೂರಿಸಿ ಮೊದಲು ಚಹಾ ಕೊಟ್ಟು ಆಮೇಲೆ ಹೆಸರು ಕೇಳುತ್ತೇವೆ ಎಂದೆ. "ಪ್ರತ್ಯೇಕ ಕೌಂಟರ್ ಇಲ್ಲ" ಎಂದು ಬರೆದುಕೊಂಡು ಹೋದ. ಮತ್ತೆ ತಿರಸ್ಕಾರ, ಮತ್ತೆ ಠಸ್ಸೆ, ಮತ್ತೆ ಕೊಕ್ಕರೆ ಕಾಲು.

ಪಕ್ಕದ ಹೋಟೆಲಿಗೆ ಹೋಗಬೇಡ ಎಂದು ಬುದ್ಧಿ ಹೇಳಿದಿರಿ. ಅರ್ಥವಾಯಿತು. ದೊಡ್ಡವರ ಮನೆ ಬಾಗಿಲಲ್ಲಿ ಹೊಟ್ಟೆ ಉರಿದುಕೊಂಡು ನಿಲ್ಲಬೇಡ, ನನ್ನ ಮಾನ ಕಳೆಯಬೇಡ ಎಂದು ತಾನೆ? ತಾವು ಬಡ್ತಿ ಪಡೆಯುವ ಹೊತ್ತಿಗೆ ಅಕ್ಕ ಅನ್ನುವವಳು ಎಲ್ಲೂ ಕಾಣಿಸಬಾರದು. ಸರಿ, ಕಾಣಿಸುವುದಿಲ್ಲ.

ಇದಕ್ಕೆ ಉತ್ತರ ಬರೆಯಬೇಡಿ. ಫೋನ್ ಮಾಡಿದರೆ ನಿಮ್ಮ ಭಾವ ಎತ್ತುತ್ತಾರೆ, ನನಗೆ ಕೊಡುವುದಿಲ್ಲ.

—ವಸತಿಗೃಹದ ಮಾಲೀಕಳು


ಮೇ ೬

ಗುಂಡ,

ಪತ್ರಿಕೆಯಲ್ಲಿ ನೋಡಿರುತ್ತೀಯ. ನಾವಿಬ್ಬರೂ ಬದುಕಿದ್ದೇವೆ. ನಿನ್ನ ಭಾವನ ಕೈ ಸ್ವಲ್ಪ ಸುಟ್ಟಿದೆ.

ಊಟದ ಹೊತ್ತು ಮುಗಿದಿತ್ತು. ನಾನು ತಾರಸಿಯಲ್ಲಿ ಟವೆಲು ಒಣಹಾಕುತ್ತಿದ್ದೆ. ಪಕ್ಕದ ಹೋಟೆಲಿನ ಅಡುಗೆಮನೆಯ ಕಿಟಕಿಯಿಂದ ಹೊಗೆ ಬಂತು. ಏನೋ ಸೀದಿರಬೇಕು ಎಂದುಕೊಂಡೆ. ಟವೆಲಿಗೆ ಕ್ಲಿಪ್ಪು ಹಾಕುವಷ್ಟರಲ್ಲಿ ಕಿಟಕಿಯೇ ಒಡೆದು ಹೊರಗೆ ಬಿತ್ತು. ಹೋಟೆಲಿನ ಮುಂದಿನ ಮೆಟ್ಟಿಲ ತುಂಬ ಹೊಗೆ. ಎರಡನೆಯ ಮಹಡಿಯ ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. ಗಲ್ಲಿ ಎಷ್ಟು ಇಕ್ಕಟ್ಟು ನಿನಗೆ ಗೊತ್ತಲ್ಲ. ನಿನ್ನ ಭಾವ ಕುಂಟುತ್ತಲೇ ಸುಣ್ಣ ಹೊಡೆಯುವ ಹಲಗೆ ಎಳೆದು ತಂದರು. ನಮ್ಮ ತಾರಸಿಯಿಂದ ಅವರ ಕಿಟಕಿಗೆ ಹಾಕಿದೆವು. ಒಬ್ಬೊಬ್ಬರೇ ದಾಟಿದರು. ಹೊಸದಾಗಿ ಮದುವೆಯಾದ ಜೋಡಿ, ಒಬ್ಬ ಅಡುಗೆಯವನು, ಇಬ್ಬರು ಬಡಿಸುವವರು, ಕಡೆಗೆ ಅದೇ ಮೇಷ್ಟರು ದಂಪತಿ. ಅವರು ಮತ್ತೆ ಬಂದಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಮೇಷ್ಟರ ಹೆಂಡತಿ ಹಲಗೆಯ ನಡುವೆ ಕೂತುಬಿಟ್ಟರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈಗುಳ ಕೇಳಿ ಎದ್ದು ಬಂದರು. ಅಷ್ಟರಲ್ಲಿ ನಮ್ಮ ಒಳಗಿನ ಮರದ ಮೆಟ್ಟಿಲಿಗೂ ಹೊಗೆ ನುಗ್ಗಿತ್ತು. ಎಲ್ಲರನ್ನೂ ಕಬ್ಬಿಣದ ಮೆಟ್ಟಿಲಿನಿಂದ ಇಳಿಸಿದೆವು.

ಅದು ನಿನ್ನ ಮೆಟ್ಟಿಲು. ಅದಕ್ಕೆ ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಇಸ್ತ್ರಿಯವಳು ಹೋದಳು.

ನಿನಗೆ ಹೇಳಿರಲಿಲ್ಲ. ಫೆಬ್ರವರಿಯಿಂದ ಅವಳು ಅಲ್ಲೇ ಕೆಲಸಕ್ಕಿದ್ದಳು. ನಮ್ಮಲ್ಲಿ ಜನ ಬರುವುದು ನಿಂತ ಮೇಲೆ ಒಗೆಯಲು ಚಾದರವೇ ಇರಲಿಲ್ಲ. ಐದನೆಯ ಮಹಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು ಹಿಂದಿನ ಮೆಟ್ಟಿಲಿನಿಂದ ಪೂರ್ತಿ ಕೆಳಗೆ ಬಂದಿದ್ದಾಳೆ. ಹಿಂಬಾಗಿಲು ತೆರೆಯಲಿಲ್ಲ. ಬಾಗಿಲ ಹಿಂದೆಯೇ ಸಿಕ್ಕಿದಳು. ಮೈ ಮೇಲೆ ಒಂದು ಸುಟ್ಟ ಗಾಯವಿಲ್ಲ. ಬರೀ ಹೊಗೆ.

ಅವಳ ಗಂಡ ಜೆಟ್ಟಿಯಲ್ಲಿ ದೋಣಿ ರಿಪೇರಿ ಮಾಡುತ್ತಾನೆ, ನೀನು ನೋಡಿದ್ದೀಯ. ಮುಂಬಾಗಿಲ ಹತ್ತಿರ ಜನರ ನಡುವೆ ನಿಂತು ಅವಳು ಹೊರಗೆ ಬರುತ್ತಾಳೆ ಎಂದು ಕಾಯುತ್ತಿದ್ದ.

—ಅಕ್ಕ


ಮೇ ೧೪

ಪ್ರವಾಸ ಇಲಾಖೆ, ಗುಣಮಟ್ಟ ವಿಭಾಗ

ವಸತಿಗೃಹದ ಮಾಲೀಕರಿಗೆ,

ವಿಷಯ: ತಮ್ಮ ವಸತಿಗೃಹವನ್ನು ಶಿಫಾರಸು ಪಟ್ಟಿಗೆ ಸೇರ್ಪಡೆ ಮಾಡುವ ಬಗ್ಗೆ.

ಮಾನ್ಯರೇ,

ಇತ್ತೀಚೆಗೆ ಸಂಭವಿಸಿದ ಅಗ್ನಿ ಆಕಸ್ಮಿಕದ ಸಂದರ್ಭದಲ್ಲಿ ತಾವು ಹಾಗೂ ತಮ್ಮ ಪತಿಯವರು ತೋರಿದ ಸಮಯಪ್ರಜ್ಞೆಯನ್ನು ಇಲಾಖೆಯು ಮೆಚ್ಚಿರುತ್ತದೆ. ಇಲಾಖೆಯ ಗುಣಮಟ್ಟ ನಿಯಮಗಳಿಂದ ಜೀವಗಳು ಉಳಿದಿರುವುದು ಸಂತಸದ ಸಂಗತಿ. ಯಾವುದೇ ಹೆಚ್ಚಿನ ತಪಾಸಣೆಯಿಲ್ಲದೆ ತಮ್ಮ ವಸತಿಗೃಹವನ್ನು ಪಟ್ಟಿಗೆ ಸೇರಿಸಲು ತೀರ್ಮಾನಿಸಲಾಗಿದ್ದು, ಜೂನ್ ಮೊದಲ ವಾರದ ಸಮಾರಂಭದಲ್ಲಿ ಮಾನ್ಯ ಮಂತ್ರಿಗಳು ಫಲಕವನ್ನು ಪ್ರದಾನ ಮಾಡುವರು. ವಿಚಾರಣೆ ನಡೆಯುತ್ತಿರುವುದರಿಂದ ಪಕ್ಕದ ಕಟ್ಟಡದ ಕುರಿತು ತಾವು ಸಮಾರಂಭದಲ್ಲಾಗಲಿ ಪತ್ರಿಕೆಗಳಿಗಾಗಲಿ ಹೇಳಿಕೆ ನೀಡಬಾರದಾಗಿ ಕೋರಲಾಗಿದೆ.

ತಮ್ಮ ವಿಶ್ವಾಸಿ,
(ಸಹಿ)
ಉಪ ನಿರ್ದೇಶಕರು


ಮೇ ೨೦

ಉಪ ನಿರ್ದೇಶಕರೇ,

ಬಡ್ತಿ ಬಂತಾ? ಸಂತೋಷ.

ಈ ಕಾಗದ ಬರೆಯುವಾಗ ನಿನ್ನ ಕೈ ನಡುಗಲಿಲ್ಲವಾ? 'ಸಂತಸದ ಸಂಗತಿ'ಯಂತೆ! ನನ್ನ ಇಸ್ತ್ರಿಯವಳನ್ನು ಮಣ್ಣು ಮಾಡಿ ಬಂದ ಕೈಯಲ್ಲಿ ನಾನು ಮಂತ್ರಿಗಳಿಂದ ಫಲಕ ಈಸಿಕೊಂಡು ಫೋಟೋಕ್ಕೆ ಹಲ್ಲು ಕಿರಿಯಬೇಕಾ? ನಿನ್ನೆ ನಿಮ್ಮವನೊಬ್ಬ ಫಲಕ ಹಾಕಲು ಗೋಡೆಯ ಅಳತೆ ತೆಗೆದುಕೊಳ್ಳಲು ಬಂದಿದ್ದ. ಟೇಪು ಕಿತ್ತುಕೊಂಡು ಬೀದಿಗೆ ಎಸೆದೆ. ಈಗ ಹೌದು, ಊರ ಮುಂದೆ ನಿನ್ನ ಮಾನ ಕಳೆದಿದ್ದೇನೆ.

ಅಗ್ನಿಶಾಮಕದವರು ಹಿಂಬಾಗಿಲು ಒಡೆದಾಗ ನಾನು ಅಲ್ಲೇ ಇದ್ದೆ. ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಎಂದು ಹೋಟೆಲಿನವರು ಎಲ್ಲರಿಗೂ ಹೇಳುತ್ತಿದ್ದಾರೆ. ಸುಳ್ಳು. ಹೊರಗಿನಿಂದ ಹಿಡಿಕೆಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಯಾಕೆ ಎಂದು ಅಡುಗೆಯವನನ್ನು ಕೇಳಿದೆ. "ಕೆಲಸದವ್ರು ಚಾದರ ಕದ್ದು ಹಿಂದಿನಿಂದ ಸಾಗಿಸ್ತಾರೆ ಅಂತಮ್ಮ. ಮೊದ್ಲಿಂದಾನೂ ಹಾಗೇ" ಎಂದ.

ಮೊದಲಿನಿಂದಲೂ, ಗುಂಡ. ನಿಮ್ಮವರು ತಪಾಸಣೆಗೆ ಬಂದಾಗಲೂ. ನನ್ನ ಮೇಜು ಕೌಂಟರ್ ಅಲ್ಲ ಎಂದು ಕಂಡ ಕಣ್ಣಿಗೆ ಸರಪಳಿ ಕಾಣಲಿಲ್ಲವಾ? ನಿಮ್ಮಲ್ಲಿ ಯಾರು ಹೋಗಿದ್ದರು ಅಲ್ಲಿಗೆ? ಅವನ ಹೆಸರು ಹೇಳು. ಅವನ ಮನೆ ಬಾಗಿಲಿಗೆ ಹೋಗಿ ಕೇಳುತ್ತೇನೆ.

—ಅಕ್ಕ


ಮೇ ೨೯

ಅಕ್ಕ,

ನಾನು ಹೋಗಿದ್ದೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಿನ್ನ ಮನೆಗೆ ಬಂದು ಒಂದು ದಿನ ಇದ್ದೆನಲ್ಲ, ಆಫೀಸಿನ ಕೆಲಸ ಎಂದು ಹೇಳಿ. ಅದೇ ಕೆಲಸ. ಹಿಂಬಾಗಿಲು ತಳ್ಳಿದೆ, ತೆರೆಯಲಿಲ್ಲ. ಗಲ್ಲಿ ಸುತ್ತಿ ಬಂದು ನೋಡಿದೆ. ಸರಪಳಿ ಇತ್ತು. ಮೆಟ್ಟಿಲ ಮೇಲೆ ಹಳೆಯ ಹಾಸಿಗೆಗಳನ್ನು ಒಟ್ಟಿದ್ದರು. ಪಟ್ಟಿಗೆ ಸೇರಿಸಬಾರದು ಎಂದು ಬರೆದೆ.

ನಿರ್ದೇಶಕರು ಕರೆದರು. "ಹಿಂದೆ ಬಾಗಿಲು ಇದೆಯೋ ಇಲ್ವೋ?"

"ಇದೆ ಸರ್. ಆದ್ರೆ ಸರಪಳಿ ಹಾಕಿ..."

"ನಿಯಮ ಏನು ಹೇಳುತ್ತೆ? ಎರಡನೇ ದಾರಿ, ಅದಕ್ಕೊಂದು ಬಾಗಿಲು ಇರಬೇಕು ಅಂತ. ತೆರೆದಿರಬೇಕು ಅಂತ ಎಲ್ಲಿದೆ, ತೋರಿಸಿ."

ಎಲ್ಲೂ ಇರಲಿಲ್ಲ, ಅಕ್ಕ. ನಾನು ಬರೆದ ವಾಕ್ಯ ಅದು. ಬಾಗಿಲು ಎಂದರೆ ತೆರೆಯುವಂಥದ್ದು ಎಂದುಕೊಂಡು ಬರೆದಿದ್ದೆ.

ನನ್ನ ವರದಿ ಪಕ್ಕಕ್ಕೆ ಹೋಯಿತು, ಬೇರೆಯವನು ಹೋಗಿ ಬಂದ, ನೀಲಿ ಫಲಕ ಹಾಕಿದರು. ಸರಪಳಿ ತೆಗೆದಿದ್ದೇವೆ ಎಂದು ಹೋಟೆಲಿನವರು ತಿಳಿಸಿದ್ದಾರೆ ಎಂದು ನನಗೆ ಹೇಳಿದರು. ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. ಆದರೂ ಒಳಗೆ ಕೊರೆಯುತ್ತಿತ್ತು, ಅದಕ್ಕೇ ಒಳಗೆ ಹೋಗಬೇಡ ಎಂದು ನಿನಗೆ ಬರೆದೆ. ನಿನಗೆ ಮಾತ್ರ. ನನ್ನ ಅಕ್ಕ, ನನ್ನ ಭಾವ, ಇಬ್ಬರು ಹೊರಗಿದ್ದರೆ ಸಾಕು ಎಂಬಂತೆ.

ಮೊನ್ನೆಯ ಕಾಗದ ನಿರ್ದೇಶಕರು ಹೇಳಿದ್ದು, ನಾನು ಬರೆದದ್ದು. ಸಹಿಯನ್ನೂ ನಾನೇ ಹಾಕಿದೆ.

ಹೆಸರು ಕೇಳಿದೆಯಲ್ಲ. ಇದೇ ಹೆಸರು. ಇದೇ ಮನೆ ಬಾಗಿಲು.

—ತಮ್ಮ


ಜೂನ್ ೮

ಗುಂಡ,

ಕಾಗದ ಓದಿ ಮಡಿಚಿ ಸೆರಗಿನಲ್ಲಿ ಕಟ್ಟಿಕೊಂಡು ಪಾತ್ರೆ ತೊಳೆದೆ. ಇದ್ದ ಪಾತ್ರೆಯನ್ನೆಲ್ಲ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ನಿನ್ನ ಭಾವ ಬಂದು ನಲ್ಲಿ ನಿಲ್ಲಿಸಿದರು.

ನೀನು ನೋಡಿದ್ದೆ. ನನ್ನ ಮನೆಯಲ್ಲಿ ಅವಳು ಇಸ್ತ್ರಿ ಮಾಡಿದ ಚಾದರದ ಮೇಲೆ ಮಲಗಿ ಎದ್ದು, ಗಲ್ಲಿ ದಾಟಿ ಹೋಗಿ, ಸರಪಳಿ ನೋಡಿ, ಬಂದು ನನ್ನ ಮುಂದೆ ಕೂತು ಚಹಾ ಕುಡಿದೆ. ಒಂದು ಮಾತು, ಗುಂಡ! 'ಅಕ್ಕ, ಆ ಹಿಂಬಾಗಿಲು ಕಟ್ಟಿದ್ದಾರೆ' ಎಂದು ಒಂದೇ ಒಂದು ಮಾತು ನಿನ್ನ ಬಾಯಿಂದ ಬಿದ್ದಿದ್ದರೆ ಇಡೀ ಬೀದಿಗೆ ಕೇಳುವ ಹಾಗೆ ನಾನು ಕೂಗುತ್ತಿದ್ದೆ. ಆಫೀಸಿನ ಮಾತಂತೆ! ಗಲ್ಲಿಯಲ್ಲಿ ನಿಂತ ನಾಯಿಗೂ ಕಾಣುವ ಸರಪಳಿ ನಿಮಗೆ ಗುಟ್ಟು. ನಾನು ಆ ಗಲ್ಲಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಕಣ್ಣೆತ್ತಿ ನೋಡಲಿಲ್ಲ. ನನಗೆ ಬಾಗಿಲು ನೋಡುವ ಕೆಲಸ ಇರಲಿಲ್ಲ. ನಿನಗಿತ್ತು. ಅದಕ್ಕೇ ಸಂಬಳ ಕೊಡುತ್ತಿದ್ದರು.

'ಒಳಗೆ ಹೋಗಬೇಡ, ಯಾಕೆ ಎಂದು ಕೇಳಬೇಡ.' ಅದು ಎಚ್ಚರಿಕೆಯಾ? ಅದು ನಿನ್ನ ಮನಸ್ಸಿಗೆ ನೀನು ಹಚ್ಚಿಕೊಂಡ ಮುಲಾಮು.

ಈಗ ನನ್ನದು ಕೇಳು. ಅವಳು ತಾನಾಗಿ ಅಲ್ಲಿಗೆ ಹೋಗಲಿಲ್ಲ. ಸಂಬಳ ಅರ್ಧ ಕೊಟ್ಟರೂ ಇಲ್ಲೇ ಇರುತ್ತೇನಕ್ಕ ಎಂದಿದ್ದಳು. ನಾನೇ ಕೈ ಹಿಡಿದು ಕರೆದುಕೊಂಡು ಹೋಗಿ ಆ ಮ್ಯಾನೇಜರನ ಮುಂದೆ ನಿಲ್ಲಿಸಿ, "ಇಂಥ ಕೆಲಸದವಳು ನಿಮಗೆ ಹುಡುಕಿದ್ರೂ ಸಿಗಲ್ಲ, ನೋಡಿ" ಎಂದೆ. ಹೌದು, ಆಗ ಹೊಗಳಿದೆ. ಹೊಗಳಿ ಸಾಗಹಾಕಿದೆ. ನಿನಗೆ ಬರೆಯುವಾಗ ಅಭಿಮಾನ ಅಡ್ಡ ಬಂತು. ನಿನ್ನ ಮುಂದೆ ಸೋತೆ ಎಂದು ತೋರಿಸಿಕೊಳ್ಳಬಾರದು ಎಂದು ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದೆ. ಅವಳು ಅಲ್ಲಿದ್ದಾಳೆ ಎಂದು ನಿನಗೆ ಗೊತ್ತಿದ್ದರೆ ನೀನು ಬಾಯಿ ಬಿಡುತ್ತಿದ್ದೆಯಾ? ಈ ಪ್ರಶ್ನೆಗೆ ಉತ್ತರ ಬರೆಯಬೇಡ. ಬಿಡುತ್ತಿದ್ದೆ ಎಂದರೂ ನನಗೆ ನಿದ್ದೆ ಬರುವುದಿಲ್ಲ, ಇಲ್ಲ ಎಂದರೂ ಬರುವುದಿಲ್ಲ.

ಎರಡು ಕೆಲಸ ಹೇಳುತ್ತೇನೆ. ವಿಚಾರಣೆಯವರ ಮುಂದೆ ಹೋಗಿ ನಿಂತು, ನೋಡಿದ್ದೆ ಎಂದು ಬಾಯಿ ಬಿಟ್ಟು ಹೇಳು. ಆಮೇಲೆ ಇಲ್ಲಿಗೆ ಬಂದು ಅವಳ ಗಂಡನಿಗೆ ಹೇಳು. ಕಾಗದದಲ್ಲಲ್ಲ. ಎದುರು ಕೂತು.

ಅಲ್ಲಿಯವರೆಗೆ ನೀನು ನನ್ನ ತಮ್ಮನೋ ಅಲ್ಲವೋ ಎಂದು ನಾನು ಯೋಚನೆ ಮಾಡುವುದಿಲ್ಲ.

—ಅಕ್ಕ


ಜುಲೈ ೨

ಅಕ್ಕ,

ಮೊದಲನೆಯ ಕೆಲಸ ಆಯಿತು.

ವಿಚಾರಣೆಯವರ ಮುಂದೆ ನಿಂತೆ. ನಾನು ನೋಡಿದ್ದೆ, ಬೇಡ ಎಂದು ಬರೆದಿದ್ದೆ, ಆಮೇಲೆ ಸುಮ್ಮನಾದೆ ಎಂದೆ. ಹೋಟೆಲಿನವರ ವಕೀಲ ಎದ್ದು, "ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಎಂದು ಕೇಳಿದ. ನನ್ನನ್ನು ಸಿಕ್ಕಿಸಿದೆ ಎಂದುಕೊಂಡಿದ್ದ. "ಬಡ್ತಿಗೋಸ್ಕರ" ಎಂದೆ. ಅವನು ಕಡತ ಮುಚ್ಚಿ ಕೂತ. ನಿರ್ದೇಶಕರು ಮುಂದಿನ ಸಾಲಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಒರೆಸಿ ಒರೆಸಿ ಗಾಜು ಸವೆದಿರಬೇಕು. ಹೊರಗೆ ಬರುವಾಗ ಪಕ್ಕದಲ್ಲಿ ಬಂದು, "ಊಟ ಹಾಕಿದ ಮನೆಗೆ ಹೀಗೆ ಮಾಡ್ತೀರಾ?" ಎಂದರು. ಅಕ್ಕ, ನನಗೆ ಜೀವಮಾನದಲ್ಲಿ ಅಷ್ಟು ಸಿಟ್ಟು ಬಂದಿರಲಿಲ್ಲ. ಬಾಗಿಲ ಹಿಂದೆ ಸತ್ತವಳು ಯಾರ ಮನೆ ಊಟ ಮಾಡಿದ್ದಳು ಸರ್ ಎಂದು ಕೂಗಿದೆ. ವರಾಂಡದ ತುಂಬ ಜನ ಎದ್ದು ನಿಂತರು.

ಹೋಟೆಲಿನ ಮಾಲೀಕನನ್ನು ಹಿಡಿದಿದ್ದಾರೆ. ನಿರ್ದೇಶಕರಿಗೆ ರಜೆ ಮೇಲೆ ಹೋಗಲು ಹೇಳಿದ್ದಾರೆ. ನನ್ನ ಬಡ್ತಿ ಹೋಯಿತು. ಉದ್ಯಾನಗಳ ವಿಭಾಗಕ್ಕೆ ಹಾಕಿದ್ದಾರೆ, ಇನ್ನು ಮೇಲೆ ಬೆಂಚು ಎಣಿಸುವುದು. ಶಿಕ್ಷೆ ಕಡಿಮೆಯಾಯಿತು ಎಂದು ನೀನು ಅನ್ನುತ್ತೀಯ. ನನಗೂ ಹಾಗೇ ಅನ್ನಿಸುತ್ತದೆ.

ಮುಂದಿನ ವಾರದ ಶನಿವಾರ ಬರುತ್ತೇನೆ.

—ತಮ್ಮ


ಜುಲೈ ೬

ಗುಂಡ,

ಬಾ. ಬಸ್ ಸ್ಟಾಂಡಿಗೆ ಭಾವ ಬರುತ್ತಾರೆ. ಕ್ಷಮಿಸಿದ್ದೇನೆ ಎಂದುಕೊಂಡು ಬರಬೇಡ.

—ಅಕ್ಕ


ಜುಲೈ ೨೯

ಅಕ್ಕ,

ನಾನು ಜೆಟ್ಟಿಯಿಂದ ವಾಪಸು ಬಂದಾಗ ಇಸ್ತ್ರಿಯವಳ ಗಂಡ ಏನಂದ ಎಂದು ನೀನು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದು ತಪ್ಪಿಸಿಕೊಂಡೆ. ಇನ್ನೊಂದು ಮಾತು ನಿನ್ನಿಂದ ಮುಚ್ಚಿಡಬಾರದು.

ಅವನು ದೋಣಿಯ ಅಡಿಯಲ್ಲಿ ಮಲಗಿ ಪಾಚಿ ಕೆರೆಯುತ್ತಿದ್ದ. ನಾನು ನಿಂತೇ ಎಲ್ಲ ಹೇಳಿದೆ. ಕೆರೆಯುವುದು ನಿಲ್ಲಿಸಲಿಲ್ಲ. ಕೇಳಿಸುತ್ತಿದೆಯೋ ಇಲ್ಲವೋ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.

"ಕೇಳಿಸ್ತು" ಎಂದು ಹೊರಗೆ ಬಂದ. ಕೈ ಒರೆಸಿಕೊಂಡ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ಆಸೆಪಟ್ಟೆ.

"ಸರಪಳಿ ಎಷ್ಟು ದಪ್ಪ ಇತ್ತು?" ಎಂದು ಕೇಳಿದ.

ನನ್ನ ಕಿರುಬೆರಳು ತೋರಿಸಿದೆ. ಅವನು ಆ ಬೆರಳನ್ನು ಹಿಡಿದು, ತಿರುಗಿಸಿ ನೋಡಿದ.

"ಅಷ್ಟೇನಾ?"

ನಾನು ಹೌದೆಂದೆ.

"ಅದಕ್ಕಿಂತ ದಪ್ಪದ್ದು ಇಲ್ಲಿ ದಿನಾ ಕತ್ತರಿಸ್ತೀನಿ. ಆವತ್ತೂ ಕತ್ತರಿ ಗಾಡೀಲೇ ಇತ್ತು. ಹಿಂದಿನ ಬಾಗಿಲು ಸಿಕ್ಕಾಕೊಂಡಿದೆ, ಆ ಕಡೆ ಹೋಗ್ಬೇಡಿ ಅಂತ ಹೋಟ್ಲಿನೋರು ಅಂದ್ರು. ನಾನು ಮುಂದೆ ನಿಂತ್ಕೊಂಡೆ." ಬೆರಳು ಬಿಟ್ಟ. "ನೀವು ಹೋಗಿ ಸ್ವಾಮಿ. ನಂಗೆ ನಿಮ್ಮನ್ನ ನೋಡೋಕಾಗ್ತಿಲ್ಲ."

ಅಷ್ಟೇ ಆದದ್ದು.

ಬಂದ ಮೇಲೆ ಆ ಬೆರಳಿನಲ್ಲಿ ಅವನ ಹಿಡಿತ ಹಾಗೇ ಇತ್ತು. ಬೆಂಚು ಎಣಿಸುವ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹೊತ್ತು ಉಳಿಯುತ್ತದೆ, ಸಿಟ್ಟೂ ಉಳಿಯುತ್ತದೆ. ಅದಕ್ಕೇ ನೀಲಿ ಫಲಕ ಇರುವ ಹೋಟೆಲುಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಒಳಗೆ ಹೋಗಿ, ಹಿಂದಿನ ಮೆಟ್ಟಿಲು ಇಳಿದು, ಬಾಗಿಲು ತಳ್ಳಿ ನೋಡುತ್ತೇನೆ. ಕೆಲವರು ಹುಚ್ಚ ಎನ್ನುತ್ತಾರೆ. ಒಬ್ಬ ಮಾಲೀಕ ಪೊಲೀಸಿನವರನ್ನು ಕರೆಸಿದ. ಪೊಲೀಸಿನವನು ಬಂದು, ವಿಷಯ ಕೇಳಿ, ತಾನೂ ಒಂದು ಸಲ ತಳ್ಳಿ ನೋಡಿ ಹೋದ.

ನಿನ್ನೆ ಹೋದ ಕಡೆ ಬಾಗಿಲು ತೆರೆಯಲಿಲ್ಲ. ಆಚೆ ಕಡೆ ಏನೋ ಕಟ್ಟಿದ್ದರು, ತಳ್ಳಿದಾಗ ಸದ್ದಾಯಿತು. ಮ್ಯಾನೇಜರ್ ಓಡಿ ಬಂದ.

"ಏನ್ರೀ ಇದು? ಯಾರು ನೀವು, ಇಲಾಖೆಯವ್ರಾ?"

"ಅಲ್ಲ."

"ಮತ್ತೆ ನಿಮಗೇನ್ ಅಧಿಕಾರ ಇದೆ?"

"ಏನೂ ಇಲ್ಲ" ಎಂದೆ. "ಬಾಗಿಲು ತೆಗೀರಿ."

"ಬೀಗದ ಕೈ ಮಾಲೀಕರ ಹತ್ರ ಇದೆ. ಸಂಜೆ ಬರ್ತಾರೆ. ನಾಳೆ ಬನ್ನಿ."

ಮೆಟ್ಟಿಲ ಮೇಲೆ ಕೂತೆ. ಬಡಿಸುವವರು, ಗುಡಿಸುವವಳು, ಅಡುಗೆಯವರು ಒಬ್ಬೊಬ್ಬರಾಗಿ ಇಣುಕಿ ನೋಡಿದರು. ಯಾಕೆ ಕೂತಿದ್ದೀರಿ ಎಂದು ಗುಡಿಸುವವಳು ಕೇಳಿದಳು, ಹೇಳಿದೆ. ಅವಳು ಪೊರಕೆ ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತಳು. ಆಮೇಲೆ ಅಡುಗೆಯವರು ಕೂತರು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ. ಮೇಲಿನಿಂದ ಅತಿಥಿಗಳು ಗಂಟೆ ಬಾರಿಸುತ್ತಲೇ ಇದ್ದರು. ಮ್ಯಾನೇಜರ್ ಬೈದ, ಬೇಡಿಕೊಂಡ, ಕೊನೆಗೆ ಯಾರಿಗೋ ಫೋನ್ ಮಾಡಿದ.

ಹೊರಗೆ ಸರಪಳಿ ಬಿಚ್ಚುವ ಸದ್ದು ಕೇಳಿಸಿತು. ಮೊದಲು ಗುಡಿಸುವವಳು ಎದ್ದು ಬಾಗಿಲು ತಳ್ಳಿ ಆಚೆ ಹೋದಳು.

—ತಮ್ಮ